ಒಳಕ್ಕೆ ತೆರೆಯುವ ಬಾಗಿಲು

ಆ ಬಾಗಿಲು ಒಳಕ್ಕೆ ತೆರೆಯುತ್ತದೆ ಎಂಬುದು ನನ್ನ ಗಮನಕ್ಕೆ ಬಂದದ್ದು ಅದನ್ನು ಭುಜದಿಂದ ಗುದ್ದುತ್ತಿದ್ದಾಗ. ಒಳಗೆ ಹದಿನೈದು ಜನರಿದ್ದರು, ಅವರ ಮೈಭಾರವೆಲ್ಲ ಬಾಗಿಲಿನ ಮೇಲೆ ಬಿದ್ದಿತ್ತು. ಏನೋ ಒಡೆಯುವ ಸದ್ದು, ಬೈಗುಳ, ಮತ್ತೆ ಒಡೆಯುವ ಸದ್ದು. ನನ್ನ ವಿದ್ಯಾರ್ಥಿನಿಯ ದನಿ ಎರಡು ಸಲ ಕೇಳಿಸಿತು. ಆಮೇಲೆ ಕೇಳಿಸಲಿಲ್ಲ.

ಯಲಹಂಕದಿಂದ ಬಾಗಲೂರಿನ ಕಡೆಗೆ ಹೋಗುವ ರಸ್ತೆಯಲ್ಲಿರುವ ಒಂದು ಆಸ್ಪತ್ರೆಗೆ ಸೇರಿದ ನರ್ಸಿಂಗ್ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ. ಆ ವರ್ಷ ನಮ್ಮ ಕಾಲೇಜೂ ಯುರೋಪಿನ ಉತ್ತರದ ಒಂದು ಸಣ್ಣ ದೇಶದ ನರ್ಸಿಂಗ್ ವಿಶ್ವವಿದ್ಯಾಲಯವೂ ಸೇರಿ ಕೊನೆಯ ವರ್ಷದ ಪಠ್ಯಕ್ರಮವನ್ನು ಜಂಟಿಯಾಗಿ ನಡೆಸುವುದೆಂದು ಒಪ್ಪಂದವಾಗಿತ್ತು. ನಮ್ಮ ಆರು ಮಕ್ಕಳು ಅಲ್ಲಿ ಒಂದು ಸೆಮಿಸ್ಟರ್ ಓದಬೇಕು, ಅವರ ಆರು ಮಕ್ಕಳು ಇಲ್ಲಿ. ಅದಕ್ಕೆ ಎರಡೂ ಪಠ್ಯಕ್ರಮಗಳು ತಾಳೆಯಾಗಬೇಕಿತ್ತು, ತಾಳೆ ಹಾಕುವ ಕೆಲಸ ನನ್ನ ತಲೆಗೆ ಬಂತು.

ನಮ್ಮದು ಗಂಟೆ ಲೆಕ್ಕದ ಪಠ್ಯ. ಇಷ್ಟು ಗಂಟೆ ತರಗತಿ, ಇಷ್ಟು ಗಂಟೆ ವಾರ್ಡು. ಅವರು ಗಂಟೆ ಕೇಳುತ್ತಿರಲಿಲ್ಲ, ಕೊನೆಗೆ ಈ ಹುಡುಗಿಗೆ ಏನು ಮಾಡಲು ಬರುತ್ತದೆ ಎಂದು ಕೇಳುತ್ತಿದ್ದರು. ನಾಲ್ಕು ತಿಂಗಳು ನಾನು ಕಂಪ್ಯೂಟರಿನಲ್ಲಿ ಎರಡು ಕಾಲಂ ಇಟ್ಟುಕೊಂಡು ಕುಳಿತೆ. ಎಡಕ್ಕೆ ನಮ್ಮದು, ಬಲಕ್ಕೆ ಅವರದು. ಬಲಗಡೆ ಇದ್ದು ಎಡಗಡೆ ಇಲ್ಲದಿದ್ದರೆ ಆ ಚೌಕಕ್ಕೆ ಕೆಂಪು ಬಣ್ಣ. ಬೆಳಿಗ್ಗೆ ಆರ್.ಟಿ. ನಗರದಿಂದ ಹೊರಟು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತಾಗಲೂ ಕಣ್ಣ ಮುಂದೆ ಆ ಕೆಂಪೇ ಇರುತ್ತಿತ್ತು. ಪ್ರಿನ್ಸಿಪಾಲರು ವಾರಕ್ಕೊಮ್ಮೆ ಇಣುಕಿ, “ಕೆಂಪು ಕಮ್ಮಿ ಆಯ್ತಾ ಮೇಡಮ್?” ಎಂದಷ್ಟೇ ಕೇಳಿ ಹೋಗುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಕೆಂಪು ಎಂದರೆ ಸಾವಿನ ಸುದ್ದಿ ಹೇಳುವ ಪಾಠ. ನಮ್ಮ ಪುಸ್ತಕದಲ್ಲಿ ಅದಕ್ಕೆ ಅರ್ಧ ಸಾಲು ಇತ್ತು. ಅವರಲ್ಲಿ ಹನ್ನೆರಡು ಹಂತಗಳ ಚೆಕ್‌ಲಿಸ್ಟೇ ಇತ್ತು. ಮೂರನೆಯ ಹಂತ: ಕೊಠಡಿಯ ಬಾಗಿಲು ಮುಚ್ಚಬೇಕು. ನಾಲ್ಕನೆಯದು: ಕುಟುಂಬದವರ ಎದುರಿಗೆ, ಅವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಬೇಕು. ಏಳನೆಯದು: ಸುದ್ದಿ ಹೇಳಿದ ಮೇಲೆ ಮೌನವಾಗಿರಬೇಕು, ಎದ್ದು ಹೋಗಬಾರದು. ಓದಿ ನನಗೆ ನಾಚಿಕೆಯೂ ಖುಷಿಯೂ ಒಟ್ಟಿಗೆ ಆದವು. ಒಂದು ಅಕ್ಷರ ಬದಲಿಸದೆ ಎಡಗಡೆಗೆ ಇಳಿಸಿಕೊಂಡೆ.

ನಾಚಿಕೆ ಯಾಕೆಂದರೆ, ನಮ್ಮ ಕ್ಯಾಶುವಾಲ್ಟಿಯಲ್ಲಿ ನಡೆಯುತ್ತಿದ್ದುದೇ ಬೇರೆ. ಅಲ್ಲಿನ ಇನ್‌ಚಾರ್ಜ್ ಸಿಸ್ಟರ್ ಇಪ್ಪತ್ತು ವರ್ಷಗಳಿಂದ ಒಂದೇ ರೀತಿ ಮಾಡುತ್ತಿದ್ದರು. ಯಾರಾದರೂ ತೀರಿಕೊಂಡರೆ ಹೊರಗೆ ಬಂದು, “ದೊಡ್ಡೋರು ಯಾರ್ ಬಂದಿದೀರ?” ಎಂದು ಕೇಳುವರು. ಆ ದೊಡ್ಡವರನ್ನು ಒಬ್ಬರನ್ನೇ ಕರೆದುಕೊಂಡು ಆಂಬುಲೆನ್ಸ್ ನಿಲ್ಲುವ ಕಡೆ, ಹೊಂಗೆಮರದ ಕೆಳಗಿನ ನಲ್ಲಿಯ ಹತ್ತಿರ ಹೋಗುವರು. ನಿಂತುಕೊಂಡೇ ಹೇಳುವರು. ಆ ಹಿರಿಯರು ಮುಖ ತೊಳೆದು, ಒಂದಿಷ್ಟು ಅತ್ತು, ಆಮೇಲೆ ಹೋಗಿ ಮನೆಯವರಿಗೆ ಹೇಳುವರು. ನನಗೆ ಅದು ತೀರಾ ಒರಟು ಎನಿಸುತ್ತಿತ್ತು.

“ಸಿಸ್ಟರ್, ಡ್ರೈವರ್‌ಗಳು ಬೀಡಿ ಸೇದೋ ಜಾಗದಲ್ಲಿ ನಿಂತು ಸಾವಿನ ಸುದ್ದಿ ಹೇಳೋದಾ?” ಎಂದು ಒಮ್ಮೆ ಎಲ್ಲರೆದುರಿಗೆ ಕೇಳಿದ್ದೆ.

“ಅಲ್ಲಿ ಗಾಳಿ ಆಡುತ್ತೆ ಮೇಡಮ್,” ಎಂದರು ಅವರು.

ನಾನು ನಕ್ಕುಬಿಟ್ಟೆ. ಕ್ಯಾಶುವಾಲ್ಟಿಯ ಪಕ್ಕದಲ್ಲಿ ಹಾಸಿಗೆ ಬಟ್ಟೆ ಇಡುವ ಹಳೆಯ ಕೋಣೆಯನ್ನು ಖಾಲಿ ಮಾಡಿಸಿ, ತಿಳಿನೀಲಿ ಬಣ್ಣ ಹೊಡೆಸಿ, ಸೋಫಾ, ಟಿಶ್ಯೂ ಡಬ್ಬಿ, ಗೋಡೆಗೆ ಹೂವಿನ ಚಿತ್ರ ಇಡಿಸಿ ‘ಕುಟುಂಬ ಕೊಠಡಿ’ ಎಂದು ಬೋರ್ಡು ಹಾಕಿಸಿದೆ. ಫೋಟೋ ಕಳಿಸಿದಾಗ ಆ ವಿಶ್ವವಿದ್ಯಾಲಯದಿಂದ ಹೊಗಳಿಕೆಯ ಮೇಲ್ ಬಂತು. ಅದರ ಪ್ರಿಂಟು ತೆಗೆದು ನೋಟಿಸ್ ಬೋರ್ಡಿಗೆ ಅಂಟಿಸಿದವಳೂ ನಾನೇ.

ಆಮೇಲೆ ಆರು ಮಂದಿಯನ್ನು ಆರಿಸುವ ಪ್ರಾಯೋಗಿಕ ಪರೀಕ್ಷೆ. ಮುಂದೆ ಆ ಬಾಗಿಲೊಳಗೆ ಸಿಕ್ಕಿಕೊಂಡ ಹುಡುಗಿ ಚುರುಕು. ಅವಳ ತಂದೆ ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿ. ಅವಳು ಎಲ್ಲ ಹಂತವನ್ನೂ ಸರಿಯಾಗಿ ಮಾಡಿದಳು, ಆದರೆ ಬಾಗಿಲನ್ನು ಅರ್ಧ ತೆರೆದಿಟ್ಟು ಅದರ ಪಕ್ಕದ ಕುರ್ಚಿಯಲ್ಲೇ ಕುಳಿತಳು.

“ಬಾಗಿಲು ಯಾಕಮ್ಮ ಮುಚ್ಚಲಿಲ್ಲ?”

“ಜಾಸ್ತಿ ಜನ ಬಂದ್ರೆ ಕಷ್ಟ ಅಂತ ಮೇಡಮ್.”

“ಚೆಕ್‌ಲಿಸ್ಟಲ್ಲಿ ಏನಿದೆ?”

“ಮುಚ್ಚಬೇಕು ಅಂತ.”

“ಮತ್ತೆ? ನಿನ್ನ ತಲೆ ಉಪಯೋಗ್ಸು ಅಂತ ಅದ್ರಲ್ಲಿ ಬರ್ದಿದ್ಯಾ?”

ಎರಡು ಅಂಕ ಕಳೆದೆ. ಆರರ ಪಟ್ಟಿಯಲ್ಲಿ ಮೂರನೆಯವಳಾಗಬೇಕಿದ್ದವಳು ಆರನೆಯವಳಾದಳು. ಇನ್ನೊಂದು ತಪ್ಪು ಮಾಡಿದರೆ ಆ ಜಾಗವೂ ಹೋಗುತ್ತದೆ ಎಂದು ಎಚ್ಚರಿಕೆ ಬೇರೆ ಕೊಟ್ಟೆ.

ಆ ವಿಶ್ವವಿದ್ಯಾಲಯದ ಒಂದು ತಂಡ ಸೋಮವಾರ ಬರುವುದಿತ್ತು. ಅಷ್ಟರೊಳಗೆ ಆರೂ ಜನ ತಮ್ಮ ಲಾಗ್‌ಬುಕ್ಕಿನಲ್ಲಿ ಸಾವಿನ ಸುದ್ದಿ ಹೇಳಿದ ನಿಜವಾದ ಎರಡು ಪ್ರಸಂಗ ಬರೆದಿರಬೇಕು. ಇವಳದು ಒಂದೇ ಆಗಿತ್ತು. ಗುರುವಾರ ಬೆಳಿಗ್ಗೆ ಅವಳನ್ನು ಕ್ಯಾಶುವಾಲ್ಟಿಗೆ ಹಾಕಿ, “ಇವತ್ತು ಮುಗಿಸ್ಬಿಡು,” ಎಂದೆ. ಒಂದು ಸಾವು ಬರಲಿ ಎಂದು ಹೇಳಿದ ಹಾಗಾಯಿತೆಂದು ಆಗ ಹೊಳೆಯಲೇ ಇಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಬಾಗಲೂರಿನ ಕಡೆಯಿಂದ ಒಬ್ಬ ಯುವಕನನ್ನು ತಂದರು. ಬೈಕಿಗೆ ಟಿಪ್ಪರ್ ಲಾರಿ ಗುದ್ದಿತ್ತು. ಹಿಂದೆಯೇ ಎರಡು ಗಾಡಿಯಲ್ಲಿ ಮನೆಯವರು ಬಂದರು. ನಲವತ್ತು ನಿಮಿಷದಲ್ಲಿ ಅವನು ಹೋದ. ಇನ್‌ಚಾರ್ಜ್ ಸಿಸ್ಟರ್ ಇನ್ನೊಬ್ಬ ರೋಗಿಯನ್ನು ಐಸಿಯುಗೆ ಸಾಗಿಸುತ್ತಿದ್ದರು. ಡ್ಯೂಟಿ ಡಾಕ್ಟರು ಮನೆಯವರನ್ನೆಲ್ಲ ನೀಲಿ ಕೋಣೆಗೆ ಕರೆದು ಒಂದೇ ವಾಕ್ಯದಲ್ಲಿ ಸುದ್ದಿ ಹೇಳಿದರು. ಅಷ್ಟರಲ್ಲಿ ಮತ್ತೊಂದು ಸ್ಟ್ರೆಚರ್ ಬಂತು, ಅವರು ಓಡಿದರು. ಹುಡುಗಿ ಅವರ ಹಿಂದೆಯೇ ಬಾಗಿಲು ಮುಚ್ಚಿದಳು. ಹದಿನೈದು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಆಚೆ ಗೋಡೆಯ ಸೋಫಾದಲ್ಲಿ ಅವರೆದುರು ಕುಳಿತಳು. ಮೌನವಾಗಿದ್ದಳು.

ಆ ಮೌನವೇ ಅವರನ್ನು ಕೆರಳಿಸಿತಂತೆ. “ಮಾತಾಡೇ, ಏನ್ ಮಾಡಿದ್ರಿ ನಮ್ ಉಡುಗಂಗೆ?” ಎಂದು ಒಬ್ಬ ಕೇಳಿದನಂತೆ. ಏಳನೆಯ ಹಂತದ ಪ್ರಕಾರ ಅವಳು ಸುಮ್ಮನಿದ್ದಳು.

ನಾನು ಓಡಿ ಬಂದಾಗ ಒಬ್ಬ ಸೆಕ್ಯುರಿಟಿಯವನು ಬಾಗಿಲು ತಳ್ಳುತ್ತಿದ್ದ. ಇಬ್ಬರೂ ಸೇರಿ ಗುದ್ದಿದೆವು. ಒಂದು ಅಂಗುಲ ಸರಿಯುವುದು, ಮತ್ತೆ ಮುಚ್ಚಿಕೊಳ್ಳುವುದು. ಕಿಟಕಿಯ ಗಾಜು ಒಳಗಿನಿಂದಲೇ ಒಡೆದು ನಮ್ಮ ಕಾಲ ಬಳಿ ಬಿತ್ತು. ಕಂಬಿಗಳ ಸಂದಿಯಲ್ಲಿ ನೋಡಿದೆ. ಹುಡುಗಿ ನೆಲದಲ್ಲಿದ್ದಳು. ಒಬ್ಬ ಅವಳ ಕೂದಲು ಹಿಡಿದಿದ್ದ. ಇನ್ನೊಬ್ಬ ಕಬ್ಬಿಣದ ಕುರ್ಚಿಯನ್ನು ಎತ್ತಿ ಇಳಿಸುತ್ತಿದ್ದ, ಅವಳು ಎಡಗೈ ಅಡ್ಡ ಹಿಡಿದಿದ್ದಳು. ಒಬ್ಬ ಹೆಂಗಸು ತನ್ನ ಎದೆಗೆ ತಾನೇ ಬಡಿದುಕೊಳ್ಳುತ್ತ ಅವಳ ಪಕ್ಕೆಗೆ ಒದೆಯುತ್ತಿದ್ದಳು.

ಆಗ ಇನ್‌ಚಾರ್ಜ್ ಸಿಸ್ಟರ್ ಬಂದರು. ಬಾಗಿಲಿನ ಕಡೆ ಅವರು ನೋಡಲೂ ಇಲ್ಲ. ನೇರ ಅಂಗಳಕ್ಕೆ ಹೋಗಿ, “ಇವ್ರಿಗೆ ದೊಡ್ಡೋರು ಯಾರ್ರೀ?” ಎಂದು ಕೂಗಿದರು. ಹೊಂಗೆಮರದ ಕೆಳಗೆ ಕುಳಿತಿದ್ದ ಪಂಚೆಯ ಮುದುಕರೊಬ್ಬರು ಎದ್ದರು. ಸತ್ತವನ ದೊಡ್ಡಪ್ಪ. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಸಿಸ್ಟರ್ ಅವರ ಕೈ ಹಿಡಿದು ಎರಡು ಮಾತು ಹೇಳಿ ಬಾಗಿಲಿಗೆ ಕರೆತಂದರು. ಅವರು ಬಾಗಿಲ ಮೇಲೆ ಅಂಗೈ ಇಟ್ಟರು.

“ಲೇ, ಎಣ್ಮಗ ಐತೆ ಒಳ್ಗೆ. ಬಾಗ್ಲು ಬಿಡ್ರೋ.”

ಒಂದೇ ಸಲ ಹೇಳಿದ್ದು. ಬಾಗಿಲಿನ ಭಾರ ಇಳಿಯಿತು. ನಾನು ಮೊದಲು ನುಗ್ಗಿದೆ. ಕೈಯಲ್ಲಿ ಯಾವಾಗ ಎತ್ತಿಕೊಂಡಿದ್ದೆನೋ, ಡ್ರೆಸ್ಸಿಂಗ್ ಮಾಡುವ ಸ್ಟೀಲ್ ಟ್ರೇ ಇತ್ತು. ಇನ್ನೂ ಅವಳ ಕೂದಲು ಬಿಡದೆ ನಿಂತಿದ್ದವನ ಮುಖಕ್ಕೆ ಬೀಸಿ ಹೊಡೆದೆ. ಕೂದಲು ಬಿಟ್ಟ. ಮತ್ತೆ ಹೊಡೆದೆ. ಎರಡನೆಯದು ಬೇಕಿರಲಿಲ್ಲ. ಅವನ ಮೂಗಿನಿಂದ ರಕ್ತ ಬಂದಾಗ ನನಗೆ ಸಮಾಧಾನವಾಯಿತು. ಅವನು ತಿರುಗಿ ಹೊಡೆಯಲಿಲ್ಲ. ಗೋಡೆಗೆ ಒರಗಿ ಕುಸಿದು, “ನಮ್ಮಣ್ಣ, ನಮ್ಮಣ್ಣ,” ಎಂದು ಅಳತೊಡಗಿದ.

ಹುಡುಗಿಯ ಎಡಗೈಯ ಎರಡು ಬೆರಳು ಮುರಿದಿದ್ದವು, ಕಿವಿಯ ತಮಟೆ ಹರಿದಿತ್ತು, ಪಕ್ಕೆಲುಬು ಬಿರುಕು ಬಿಟ್ಟಿತ್ತು. ಸ್ಟ್ರೆಚರ್ ಮೇಲೆ ಮಲಗಿಸುವಾಗ ಅವಳು ನನ್ನ ಕಡೆ ತಿರುಗಿ, “ಏಳನೇ ಸ್ಟೆಪ್‌ವರೆಗೂ ಮಾಡಿದೀನಿ ಮೇಡಮ್,” ಎಂದಳು. ಲಾಗ್‌ಬುಕ್ಕಿಗೆ ಸಹಿ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಅವಳಿಗೆ.

ಸಂಜೆಗೆ ಅವಳ ತಂದೆ ಬಂದರು. ಹೆಗಲ ಮೇಲಿನ ಟವೆಲ್ಲಿಗೆ ಈರುಳ್ಳಿ ಸಿಪ್ಪೆ ಅಂಟಿಕೊಂಡಿತ್ತು. ಹೇಗಾಯಿತು ಎಂದು ಕೇಳಿದರು, ನಾನು ಆದಷ್ಟು ಸುತ್ತಿ ಬಳಸಿ ಹೇಳಿದೆ. ಅವರು ಮಗಳ ಬ್ಯಾಂಡೇಜು ನೋಡುತ್ತಲೇ ಕೇಳಿದರು:

“ನಾವು ಮೂಟೆ ಎತ್ತೋಕ್ ಮುಂಚೆ ಹೊರಗ್ ಬರೋ ದಾರಿ ನೋಡ್ಕೋತೀವಿ ಮೇಡಮ್. ಕೆಲಸಕ್ ಸೇರಿದ್ ಮೊದಲ್ನೇ ದಿನ ಅದನ್ನೇ ಹೇಳ್ಕೊಡೋದು. ಕಾಲೇಜಲ್ಲಿ ಹೇಳ್ಕೊಡಲ್ವಾ?”

ಹೇಳಿಕೊಡದೇ ಇದ್ದಿದ್ದರೆ ಪರವಾಗಿರಲಿಲ್ಲ. ಅವಳು ಮನೆಯಿಂದ ಕಲಿತು ಬಂದಿದ್ದನ್ನು ನಾನು ಅಂಕ ಕಳೆದು ಬಿಡಿಸಿದ್ದೆ.

ಪೊಲೀಸ್ ದೂರು ಅದರ ಪಾಡಿಗೆ ನಡೆಯಿತು. ಶನಿವಾರ ಪ್ರಿನ್ಸಿಪಾಲರು ನನ್ನನ್ನು ಕರೆದು ಕಾಲೇಜಿನ ವಿಚಾರಣಾ ವರದಿ ಮುಂದಿಟ್ಟರು. ‘ವಿದ್ಯಾರ್ಥಿನಿಯು ಹಿರಿಯ ಸಿಬ್ಬಂದಿಯ ಅನುಮತಿಯಿಲ್ಲದೆ ಕೊಠಡಿಯ ಬಾಗಿಲು ಮುಚ್ಚಿ ಅಪಾಯಕ್ಕೆ ಎಡೆಮಾಡಿಕೊಟ್ಟಿದ್ದಾಳೆ’ ಎಂದಿತ್ತು. ಕೆಳಗೆ ನನ್ನ ಸಹಿಗೆ ಜಾಗ.

“ಹುಡುಗಿ ಮೇಲೆ ಏನೂ ಆಕ್ಷನ್ ಇಲ್ಲ ಮೇಡಮ್. ಸುಮ್ನೆ ರೆಕಾರ್ಡ್‌ಗೆ. ಸೋಮವಾರ ಅವರು ಬಂದು ಕೇಳಿದ್ರೆ ನಮ್ಮ ಹತ್ರ ಒಂದು ಪೇಪರ್ ಇರ್ಬೇಕು.”

“ರೆಕಾರ್ಡಲ್ಲಿ ಹೀಗಿದ್ರೆ ಆರು ಜನದ ಲಿಸ್ಟಿಂದ ಅವಳ ಹೆಸರು ಹೋಗುತ್ತೆ ಸರ್.”

“ಕೈ ಮುರ್ಕೊಂಡೋಳು ಹೇಗೂ ಎಲ್ಲಿಗ್ ಹೋಗ್ತಾಳೆ ಬಿಡಿ.”

ನನಗೆ ಮೈ ಉರಿಯಿತು. ಆದರೂ ಕಾಗದವನ್ನು ಮನೆಗೆ ತಂದೆ. ಧೈರ್ಯವಂತೆ ಎಂದು ಹೇಳಿಕೊಳ್ಳಲಾರೆ, ಭಾನುವಾರ ಬೆಳಿಗ್ಗೆ ಸಹಿ ಹಾಕುವುದಕ್ಕೇ ಕುಳಿತಿದ್ದೆ. ನಾಲ್ಕು ತಿಂಗಳ ಕೆಲಸ ನೀರುಪಾಲಾಗುವುದು ಬೇಡವಿತ್ತು. ವರದಿಯ ಜೊತೆಗೆ ಅವಳ ಪರೀಕ್ಷೆಯ ಚೆಕ್‌ಲಿಸ್ಟನ್ನು ಲಗತ್ತಿಸಬೇಕಿತ್ತು. ಫೈಲಿನಿಂದ ತೆಗೆದೆ. ಮೂರನೆಯ ಹಂತದ ಎದುರಿಗೆ ಕೆಂಪು ಶಾಯಿಯಲ್ಲಿ ನನ್ನದೇ ದುಂಡು ಅಕ್ಷರ: ‘ಬಾಗಿಲು ಮುಚ್ಚಿಲ್ಲ. ಎರಡು ಅಂಕ ಕಳೆದಿದೆ.’

ಬಾಗಿಲು ಮುಚ್ಚಲಿಲ್ಲವೆಂದು ಅವಳಿಗೆ ಒಮ್ಮೆ ಶಿಕ್ಷೆಯಾಗಿತ್ತು. ಈಗ ಮುಚ್ಚಿದಳೆಂದು ಇನ್ನೊಮ್ಮೆ. ಎರಡು ಸಲವೂ ಸಹಿ ನನ್ನದೇ. ಪೆನ್ನಿನ ಮುಚ್ಚಳ ಹಾಕಿ ಇನ್‌ಚಾರ್ಜ್ ಸಿಸ್ಟರ್‌ಗೆ ಫೋನ್ ಮಾಡಿದೆ.

ಸೋಮವಾರದ ಕಾರ್ಯಕ್ರಮಪಟ್ಟಿಯಲ್ಲಿ ಲ್ಯಾಬಿನೊಳಗೆ ನಾಲ್ಕು ಮಂದಿ ವಿದ್ಯಾರ್ಥಿಗಳು ಮನೆಯವರಾಗಿ ನಟಿಸುವ ಅಣಕು ಪ್ರಸಂಗವಿತ್ತು. ನಾನು ಅದನ್ನು ನೀಲಿ ಕೋಣೆಗೆ ಬದಲಿಸಿದೆ. ಕಿಟಕಿಗೆ ರಟ್ಟು ಅಂಟಿಸಿತ್ತು, ಉಳಿದದ್ದನ್ನು ತೊಳೆದಿದ್ದರು. ಮನೆಯವರಾಗಿ ನಟಿಸಲು ಸಿಸ್ಟರ್ ಸಹಾಯದಿಂದ ಕ್ಯಾಶುವಾಲ್ಟಿಯ ಹದಿನೈದು ಜನರನ್ನು ಒಟ್ಟು ಮಾಡಿದೆ. ಆಯಾಗಳು, ಆಂಬುಲೆನ್ಸ್ ಡ್ರೈವರುಗಳು, ನೆಲ ಒರೆಸುವ ಹೆಂಗಸರು. ಆ ಹದಿನೈದು ಜನರಲ್ಲಿ ಒಂದಲ್ಲ ಒಂದು ದಿನ ಏಟು ತಿನ್ನದವರು ಯಾರೂ ಇರಲಿಲ್ಲ. “ಮೈ ಮುಟ್ಟಬೇಡಿ. ಬೇರೆಲ್ಲ ನೀವು ನೋಡಿರೋ ಥರಾನೇ,” ಎಂದೆ.

ಬಂದಿದ್ದ ತಂಡದ ಮುಖ್ಯಸ್ಥೆ ಅರವತ್ತರ ಆಸುಪಾಸಿನ ನರ್ಸ್. ಆ ಹನ್ನೆರಡು ಹಂತಗಳನ್ನು ಬರೆದವರೇ ಅವರು. ಗುರುವಾರ ನಡೆದದ್ದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ನರ್ಸಿನ ಪಾತ್ರವನ್ನು ನೀವೇ ಮಾಡುತ್ತೀರಾ, ಜನ ಜಾಸ್ತಿ ಇರುತ್ತಾರೆ, ಗಲಾಟೆಯೂ ಆಗಬಹುದು ಎಂದೆ. ನಗುತ್ತ ಒಪ್ಪಿಕೊಂಡರು. ಅವರ ಮಾತನ್ನು ಕನ್ನಡಕ್ಕೆ ಹೇಳಲು ನಾನೂ ಒಳಗಿದ್ದೆ.

ಅವರು ಬಾಗಿಲು ಮುಚ್ಚಿದರು, ಆಚೆ ಗೋಡೆಯ ಸೋಫಾಕ್ಕೆ ಹೋಗಿ ಕುಳಿತರು, ಮೆತ್ತಗಿನ ದನಿಯಲ್ಲಿ ಸುದ್ದಿ ಹೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಆಮೇಲೆ ಮೌನ.

“ಏನಂದ್ಲು ಇವ್ಳು?” ಎಂದ ಒಬ್ಬ ಡ್ರೈವರು. “ಬೆಳಿಗ್ಗೆ ತಿಂಡಿ ತಿನ್ಕೊಂಡ್ ಹೋದೋನು ಸತ್ತೋದ ಅಂತಾಳಾ?”

ಟೀಪಾಯಿಗೆ ಒದ್ದ. ಟಿಶ್ಯೂ ಡಬ್ಬಿ ಹಾರಿ ಬಿತ್ತು. ಹಿಂದಿನವರು ಮುಂದಕ್ಕೆ ನೂಕಿದರು, ಮುಂದಿನವರು ಸೋಫಾದ ಮೇಲೆ ಬಾಗಿದರು. ಹೂವಿನ ಚಿತ್ರ ಕೆಳಗೆ ಬಿದ್ದು ಗಾಜು ಒಡೆಯಿತು. ಯಾರೋ ಕುರ್ಚಿ ಎತ್ತಿ ಗೋಡೆಗೆ ಅಪ್ಪಳಿಸಿದರು. ನಟನೆ ಎಲ್ಲಿ ಮುಗಿಯಿತೋ ತಿಳಿಯದು, ಒಬ್ಬ ಆಯಾ ನಿಜವಾಗಿ ಅಳುತ್ತಿದ್ದಳು. ತಂಡದ ಮುಖ್ಯಸ್ಥೆ ಬಹಳ ಹೊತ್ತು ಮೌನ ಕಾದುಕೊಂಡರು. ಆಮೇಲೆ ಬಾಗಿಲು ಎಲ್ಲಿದೆ ಎಂದು ನೋಡಿದರು. ಬಾಗಿಲು ಕಾಣಲಿಲ್ಲ. ಅವರ ಎಡಗೈ ತಾನಾಗಿ ಮುಖಕ್ಕೆ ಅಡ್ಡ ಬಂತು. ಹೊರಗಿನಿಂದ ಪ್ರಿನ್ಸಿಪಾಲರು ಬಾಗಿಲು ಗುದ್ದುತ್ತಿದ್ದರು, ಬಾಗಿಲು ತೆರೆಯಲಿಲ್ಲ. ಆಗಲೇ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ.

“ಸಾಕು. ಬಾಗ್ಲು ಬಿಡಿ,” ಎಂದು ನಿಲ್ಲಿಸಿದವರು ಇನ್‌ಚಾರ್ಜ್ ಸಿಸ್ಟರ್.

ಮುಖ್ಯಸ್ಥೆಯನ್ನು ಹೊಂಗೆಮರದ ಕೆಳಗೆ ಕೂರಿಸಿ ನೀರು ಕೊಟ್ಟೆವು. ಕ್ಷಮೆ ಕೇಳಿದೆ, ಆಮೇಲೆ ಗುರುವಾರ ನಡೆದದ್ದನ್ನೆಲ್ಲ ಹೇಳಿ, ಕೆಂಪು ಶಾಯಿಯ ಚೆಕ್‌ಲಿಸ್ಟನ್ನೂ ಸಹಿಯಿಲ್ಲದ ವರದಿಯನ್ನೂ ಅವರ ಮುಂದಿಟ್ಟೆ. ಪ್ರಿನ್ಸಿಪಾಲರು ಪಕ್ಕದಲ್ಲೇ ನಿಂತಿದ್ದರು. ಮುಖ್ಯಸ್ಥೆ ಎರಡನ್ನೂ ಓದಿ ಮುಗಿಸಿದರು.

“ನಮ್ಮಲ್ಲಿ ಇಬ್ಬರೋ ಮೂವರೋ ಬರುತ್ತಾರೆ,” ಎಂದರು ಅವರು ಇಂಗ್ಲಿಷಿನಲ್ಲಿ. “ಬಾಗಿಲು ಹೊರಕ್ಕೆ ತೆರೆಯುತ್ತದೆ. ನರ್ಸ್ ಕೂರುವ ಕುರ್ಚಿ ಬಾಗಿಲ ಪಕ್ಕದಲ್ಲೇ ಇರುತ್ತದೆ, ಅದರ ಹತ್ತಿರ ಅಲಾರಂ ಗುಂಡಿಯೂ ಇರುತ್ತದೆ.”

“ಅದನ್ನ ಯಾಕೆ ಬರೆದಿಲ್ಲ?” ನನ್ನ ದನಿ ಏರಿತ್ತು.

“ಬರೆಯಬೇಕು ಅಂತ ಯಾರಿಗೂ ತೋಚಲಿಲ್ಲ. ಅದು ಕಟ್ಟಡದಲ್ಲೇ ಇತ್ತು.”

ಅಲ್ಲಿನ ಗೋಡೆ ಬಾಗಿಲುಗಳು ನೋಡಿಕೊಳ್ಳುತ್ತಿದ್ದ ಅರ್ಧ ಪಾಠವನ್ನು ಬಿಟ್ಟು ಉಳಿದರ್ಧವನ್ನಷ್ಟೇ ನಾನು ಇಲ್ಲಿಗೆ ಇಳಿಸಿಕೊಂಡಿದ್ದೆ. ಇಲ್ಲಿ ಆ ಅರ್ಧವನ್ನು ನೋಡಿಕೊಳ್ಳುತ್ತಿದ್ದದ್ದು ಒಂದು ಮರ, ಒಂದು ನಲ್ಲಿ, ಒಬ್ಬ ಸಿಸ್ಟರ್. ಅದನ್ನು ನಕ್ಕು ತಳ್ಳಿದ್ದೆ.

ಮುಖ್ಯಸ್ಥೆ ಇನ್‌ಚಾರ್ಜ್ ಸಿಸ್ಟರ್ ಕಡೆ ತಿರುಗಿ ನೀವು ಹೇಗೆ ಮಾಡುತ್ತೀರಿ ಎಂದು ಕೇಳಿದರು. ಸಿಸ್ಟರ್ ನನ್ನ ಮುಖ ನೋಡಿ ನಿಧಾನವಾಗಿ ಶುರುಮಾಡಿದರು. “ಮೊದ್ಲು ದೊಡ್ಡೋರು ಯಾರು ಅಂತ ಕೇಳ್ತೀನಿ. ವಯಸ್ಸಲ್ಲಿ ಅಲ್ಲ, ಯಾರ್ ಮಾತು ಕೇಳ್ತಾರೋ ಅವ್ರು.” ಅವರು ಹೇಳಿದ್ದನ್ನು ನಾನು ಲ್ಯಾಪ್‌ಟಾಪ್ ತೆರೆದು ಎಡಗಡೆಯ ಕಾಲಮ್ಮಿನಲ್ಲಿ ಟೈಪ್ ಮಾಡುತ್ತ ಹೋದೆ. ಬಲಗಡೆ ಖಾಲಿ ಇತ್ತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವರ ಚೌಕಗಳಿಗೆ ಕೆಂಪು ಹಾಕಿದೆ. ತಮ್ಮ ಊರಿನಲ್ಲೂ ಈಗ ಹತ್ತು ಹನ್ನೆರಡು ಮಂದಿ ಒಟ್ಟಿಗೆ ಬರುವ ಕುಟುಂಬಗಳಿವೆ, ಹೋದ ವರ್ಷ ಒಬ್ಬ ನರ್ಸಿನ ದವಡೆ ಮುರಿದರು, ಅದನ್ನು ನಾವು ಪಠ್ಯಕ್ಕೆ ಸಂಬಂಧಪಟ್ಟದ್ದು ಎಂದುಕೊಂಡಿರಲಿಲ್ಲ ಎಂದು ಮುಖ್ಯಸ್ಥೆ ಹೇಳಿದರು.

ವಿಚಾರಣಾ ವರದಿಯ ಬದಲಿಗೆ ನಾನು ಒಂದು ಪುಟದ ಹೇಳಿಕೆ ಬರೆದೆ. ಬಾಗಿಲು ತೆರೆದಿಟ್ಟದ್ದಕ್ಕೆ ಅಂಕ ಕಳೆದವಳು ನಾನು, ಮುಚ್ಚಲು ಕಲಿಸಿದವಳು ನಾನು, ವಿದ್ಯಾರ್ಥಿನಿ ಕಲಿಸಿದ್ದನ್ನು ತಪ್ಪಿಲ್ಲದೆ ಮಾಡಿದ್ದಾಳೆ. ಟ್ರೇಯಿಂದ ಎರಡು ಸಲ ಹೊಡೆದದ್ದನ್ನೂ ಬರೆದೆ. ಪ್ರಿನ್ಸಿಪಾಲರು ಓದಿ ಕನ್ನಡಕ ತೆಗೆದರು.

“ನಿಮ್ ಕಾಲ್ ಮೇಲೆ ನೀವೇ ಕಲ್ಲ್ ಎತ್ತಾಕ್ಕೋತಿದೀರ ಮೇಡಮ್.”

“ಹೌದು ಸರ್. ಸೀಲ್ ಹಾಕಿ ಕೊಡಿ.”

ಜಂಟಿ ಪಠ್ಯದ ಕೆಲಸದಿಂದ ನನ್ನನ್ನು ತೆಗೆದರು. ಕಾರ್ಯಕ್ರಮ ಒಂದು ಸೆಮಿಸ್ಟರ್ ಮುಂದಕ್ಕೆ ಹೋಯಿತು. ಆರು ಹೆಸರುಗಳ ಪಟ್ಟಿ ಬದಲಾಗಲಿಲ್ಲ. ನೀಲಿ ಕೋಣೆಯ ಬಾಗಿಲನ್ನು ಕಳಚಿ ಹೊರಕ್ಕೆ ತೆರೆಯುವಂತೆ ಕೂರಿಸಲು ಬಡಗಿಗೆ ಒಂದೂವರೆ ಗಂಟೆ ಸಾಕಾಯಿತು. ಅವನು ಕೀಲಿಗೆ ಎಣ್ಣೆ ಬಿಟ್ಟು ಎರಡು ಸಲ ಆಡಿಸಿ ತೋರಿಸಿದಾಗ ನಾನು ನೋಡಲಾರದೆ ಆಚೆ ಹೋದೆ.

ಯುರೋಪಿಗೆ ಹೊರಡುವ ಮೊದಲಿನ ವಾರ ಹುಡುಗಿ ನನ್ನ ಕೋಣೆಗೆ ಬಂದಳು. ಕಾರಿಡಾರಿನಲ್ಲಿ ಮೊದಲ ವರ್ಷದವರ ಗಲಾಟೆ. ನಾನು ಅಭ್ಯಾಸಬಲದಿಂದ ಎದ್ದು ಬಾಗಿಲು ಮುಚ್ಚಿ ಬಂದು ಕುಳಿತೆ. ಅವಳು ಎದ್ದು ಹೋಗಿ ಬಾಗಿಲು ತೆರೆದಳು, ಕಸದ ಬುಟ್ಟಿಯನ್ನು ಅದಕ್ಕೆ ಒತ್ತಿ ಇಟ್ಟಳು, ಅಲ್ಲೇ ಇದ್ದ ಸ್ಟೂಲನ್ನು ಎಳೆದುಕೊಂಡು ಬಾಗಿಲ ಪಕ್ಕದಲ್ಲೇ ಕುಳಿತಳು. ಎಡಗೈಯ ಕೊನೆಯ ಎರಡು ಬೆರಳು ಇನ್ನೂ ಮಡಚುತ್ತಿರಲಿಲ್ಲ.

“ಅಲ್ಲಿ ಬಾಗಿಲು ಹೊರಗಡೆಗೆ ತೆಗೆಯುತ್ತಂತಲ್ಲ ಮೇಡಮ್?”

“ಹೌದಮ್ಮ. ಅಲಾರಂ ಕೂಡ ಇರುತ್ತೆ.”

“ಆದ್ರೂ ನಾನು ತೆರೆದೇ ಇಡ್ತೀನಿ,” ಎಂದಳು. “ಎರಡು ಮಾರ್ಕ್ಸ್ ಹೋದ್ರೆ ಹೋಗ್ಲಿ.”